ಕೊನೆಯ ಯಂತ್ರದ ಗುನುಗು

ಕಳ್ಳತನ, ಹೊಡೆದಾಟ, ಕಾಣೆಯಾದ ಗಂಡ, ನೆರೆಮನೆಯವರ ನಾಯಿ, ಹೀಗೆ ಎಲ್ಲದರ ಮೇಲೂ ಆ ಠಾಣೆಗೆ ದೂರು ಬಂದಿತ್ತು. ಸಾಯಬೇಕಾದ್ದು ಸಾಯುತ್ತಿಲ್ಲ ಎಂಬ ದೂರು ಬಂದದ್ದು ಆ ಸೋಮವಾರವೇ ಮೊದಲು.

ಬೆಳಿಗ್ಗೆ ಹತ್ತೂಕಾಲಿಗೆ ಅಂಗಿಯ ಗುಂಡಿಗಳನ್ನು ಒಂದರ ಬದಲು ಇನ್ನೊಂದಕ್ಕೆ ಹಾಕಿಕೊಂಡಿದ್ದ ಒಬ್ಬ ಯಜಮಾನ ಒಳಗೆ ಬಂದ. ಅವನ ಹಿಂದೆ ಬಂದ ಇನ್ನೊಬ್ಬ ಮಾತಿಲ್ಲದೆ ಬೆಂಚಿನ ತುದಿಯಲ್ಲಿ ಕೂತ. ದೂರು ಬರೆದುಕೊಳ್ಳುವ ಮೇಜಿನಲ್ಲಿ ಆ ದಿನ ಒಂಟೆ ಇದ್ದ. ಎತ್ತರ ನೋಡಿ ಯಾರೋ ಇಟ್ಟ ಆ ಹೆಸರು ಆ ಕಾನ್‌ಸ್ಟೇಬಲ್‌ಗೆ ಎಷ್ಟು ಅಂಟಿಕೊಂಡಿತ್ತೆಂದರೆ ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

"ಏನು ಸಾಯ್ತಿಲ್ಲ?"

"ಕೊನೆಯ ಯಂತ್ರ."

"ಯಾವ ಕಾರ್ಖಾನೆದು?"

"ಕಾರ್ಖಾನೆದಲ್ಲ. ವಿಡಿಯೋ ಗೇಮಿಂದು."

ಒಂಟೆ ಪೆನ್ನು ಕೆಳಗಿಟ್ಟ. ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಎದ್ದು ಬಂದರು. ಇಪ್ಪತ್ತೆರಡು ವರ್ಷ ಖಾಕಿ ಹಾಕಿದ ಹೆಂಗಸು. ನಗು ಬಂದರೂ ತುಟಿಯವರೆಗೆ ಬರಲು ಬಿಡುತ್ತಿರಲಿಲ್ಲ. "ಎತ್ತು ಈಯ್ತು ಅಂದ್ರೂ ಕೊಟ್ಟಿಗೆಗೆ ಕಟ್ಟು ಅನ್ನೋನು ನೀನು. ಇವತ್ತು ಪೆನ್ನು ಯಾಕೆ ಕೆಳಗಿಟ್ಟೆ? ಬರಿ," ಎಂದು ಒಂಟೆಗೆ ಹೇಳಿ ಯಜಮಾನನ ಎದುರು ಕುರ್ಚಿ ಎಳೆದುಕೊಂಡರು.

ಯಜಮಾನ ಬಿಡಿಸಿ ಹೇಳಿದ. ಅವನದು ಇಪ್ಪತ್ತು ಜನರ ಸಣ್ಣ ಕಂಪನಿ. ಮೂರು ವರ್ಷದಿಂದ ಒಂದೇ ಆಟ ಕಟ್ಟುತ್ತಿದ್ದಾರೆ. ಮನುಷ್ಯನ ಆಕಾರದ, ಐದಂತಸ್ತು ಎತ್ತರದ ಯಂತ್ರದ ಎದೆಯೊಳಗೆ ಕೂತು ಆಟಗಾರ ಅಂಥದೇ ಶತ್ರುಯಂತ್ರಗಳ ಮೇಲೆ ಗುಂಡು ಹಾರಿಸಬೇಕು. ಎಲ್ಲಕ್ಕಿಂತ ದೊಡ್ಡದು ಕೊನೆಯದು. ಅದರ ಒಂದೊಂದು ಅಂಗ ಮುರಿದಾಗಲೂ ಸಂಗೀತದಲ್ಲಿ ಒಂದೊಂದು ವಾದ್ಯ ನಿಲ್ಲುತ್ತದೆ. ಎಲ್ಲ ನಿಂತ ಮೇಲೆ ಒಂದು ಹೆಣ್ಣಿನ ಗುನುಗು ಮಾತ್ರ ಉಳಿಯುತ್ತದೆ. ಕಡೆಯ ಗುಂಡು ಎದೆಗೆ ತಾಗಿದಾಗ ಅದೂ ನಿಂತು ಯಂತ್ರ ಉರುಳುತ್ತದೆ. ಪ್ರಚಾರದ ತುಣುಕು ನೋಡಿದವರೆಲ್ಲ ಆ ಗುನುಗಿಗೇ ಮರುಳಾಗಿದ್ದರು.

"ಈಗ ಎಷ್ಟು ಹೊಡೆದ್ರೂ ಯಂತ್ರ ಬೀಳಲ್ಲ ಮೇಡಂ. ಭಾನುವಾರ ಯಾರೋ ಒಳಗೆ ಬಂದು ಅದನ್ನ ಬದಲಾಯಿಸಿದಾರೆ. ಗುನುಗನ್ನ ಎಲ್ಲ ಕಂಪ್ಯೂಟರಿಂದಲೂ ಅಳಿಸಿದಾರೆ. ಅದರ ಮೂಲ ಇದ್ದ ಡಿಸ್ಕು ಬೀರುವಿನಿಂದ ಹೋಗಿದೆ. ಈ ತಿಂಗಳ ಕೊನೆಗೆ ಆಟ ಹೊರಗೆ ಬರಬೇಕು."

"ಪ್ರಚಾರದ ತುಣುಕಲ್ಲಿ ಗುನುಗು ಇದೆಯಲ್ಲ?"

"ಅದರ ಮೇಲೆಲ್ಲ ಗುಂಡಿನ ಸದ್ದು."

ಆಗ ಬೆಂಚಿನ ತುದಿಯವನು ಮೊದಲ ಸಲ ಬಾಯಿಬಿಟ್ಟ. ಆಟಕ್ಕೆ ಸಂಗೀತ ಕಟ್ಟಿದವನು ಅವನೇ. "ಆಟ ಹೋದ್ರೆ ಹೋಗ್ಲಿ. ಆ ದನಿ ಸಿಗುತ್ತಾ ಮೇಡಂ?"

ಯಜಮಾನ ತಿರುಗಿ ದುರುಗುಟ್ಟಿದ. ಇನ್‌ಸ್ಪೆಕ್ಟರ್ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರು. ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು: ಕಳ್ಳತನ ಮತ್ತು ಕಂಪ್ಯೂಟರಿನಲ್ಲಿದ್ದ ಮಾಹಿತಿಯ ನಾಶ.

ಕಂಪನಿ ಇದ್ದದ್ದು ಒಂದು ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಿಟಕಿಗಳಿಗೆಲ್ಲ ಕಪ್ಪು ಪರದೆ, ಗೋಡೆಯ ತುಂಬ ಯಂತ್ರಗಳ ಚಿತ್ರ, ಮೇಜುಗಳ ಮೇಲೆ ತೊಳೆಯದ ಲೋಟಗಳು. ದರ್ಜಿಯನ್ನೂ ಪಕ್ಕದ ಕಟ್ಟಡದ ಕಾವಲುಗಾರನನ್ನೂ ಪಂಚರನ್ನಾಗಿ ನಿಲ್ಲಿಸಿಕೊಂಡು ಪಂಚನಾಮೆ ನಡೆಯಿತು. ಬಾಗಿಲು ಮುರಿದಿರಲಿಲ್ಲ. ಬೀರು ಮುರಿದಿರಲಿಲ್ಲ. ದುಬಾರಿ ಕ್ಯಾಮೆರಾ, ಹೊಸ ಹೆಡ್‌ಫೋನ್‌ಗಳು ಇದ್ದಲ್ಲೇ ಇದ್ದವು. ಸಾಲಾಗಿ ನಿಲ್ಲಿಸಿದ ಡಿಸ್ಕುಗಳಲ್ಲಿ ಒಂದು ಮಾತ್ರ ಇಲ್ಲ. ಬೀರುವಿಗೆ ಮತ್ತೆ ಬೀಗ ಹಾಕಿತ್ತು. ಕೀಲಿ ಕುಡಿಯುವ ನೀರಿನ ಕ್ಯಾನಿನ ಪಕ್ಕದ ಮೊಳೆಯಲ್ಲಿ, ಅದರ ಜಾಗದಲ್ಲೇ ತೂಗುತ್ತಿತ್ತು.

"ಕೀಲಿ ಇಲ್ಲಿರೋದು ಯಾರ್ಯಾರಿಗೆ ಗೊತ್ತು?"

"ಎಲ್ಲರಿಗೂ."

"ಹಾಗಾದ್ರೆ ಬೀರುವಿಗೆ ಬೀಗ ಯಾಕೆ?"

ಕಳ್ಳ ಯಾರೆಂಬುದು ಮಾತ್ರ ಯಜಮಾನನಿಗೆ ಖಚಿತವಿತ್ತು. ಹೋದ ತಿಂಗಳು ಕೆಲಸದಿಂದ ತೆಗೆದ ಚಿತ್ರಗಾರನೊಬ್ಬ "ನೋಡ್ಕೊಳ್ತೀನಿ" ಎಂದು ಹೇಳಿ ಹೋಗಿದ್ದನಂತೆ. ಆ ದಿನವೆಲ್ಲ ಪೊಲೀಸರು ಅವನ ಬೆನ್ನು ಹತ್ತಿದರು. ಸಂಜೆಯ ಹೊತ್ತಿಗೆ ತಿಳಿದದ್ದು ಇಷ್ಟು: ಚಿತ್ರಗಾರ ಭಾನುವಾರ ಬೆಳಗಿನಿಂದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಒಂಟೆ ವಾರ್ಡಿಗೇ ಹೋಗಿ ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿ ಬಂದ.

"ಬೆಟ್ಟ ಅಗೆದಿದ್ದಕ್ಕೆ ಇಲಿನೂ ಸಿಗ್ಲಿಲ್ಲ ಮೇಡಂ."

"ಬೆಟ್ಟನೇ ತಪ್ಪು. ಕದ್ದೋನು ಬೀಗ ಹಾಕಿ, ಕೀಲಿನ ಮೊಳೆಗೆ ತಗುಲಿಸಿ ಹೋಗಿದಾನೆ. ಅಭ್ಯಾಸ ಬಿಡಲ್ಲ. ಇದು ದಿನಾ ಆ ಕೀಲಿ ಮುಟ್ಟೋ ಕೈ."

ಮಂಗಳವಾರ ಇನ್‌ಸ್ಪೆಕ್ಟರ್ ಮತ್ತೆ ಹೋದರು. ಈ ಸಲ ಕೂತದ್ದು ಪರೀಕ್ಷಕಿಯ ಪಕ್ಕದಲ್ಲಿ. ದಿನವಿಡೀ ಆಟ ಆಡುವುದು, ತಪ್ಪು ಕಂಡರೆ ಬರೆದು ಕಳಿಸುವುದು, ಸರಿಯಾಗಿ ಬಂದ ಮೇಲೆ ಮತ್ತೆ ಆಡುವುದು, ಇಷ್ಟು ಅವಳ ಕೆಲಸ. ಹೆಬ್ಬೆರಳಿಗೆ ಬಟ್ಟೆಪಟ್ಟಿ ಸುತ್ತಿಕೊಂಡಿದ್ದಳು. ಅವಳು ಕೊನೆಯ ಯಂತ್ರದವರೆಗೆ ಆಡಿ ತೋರಿಸಿದಳು. ಹೆಗಲು ಮುರಿಯಿತು, ನಗಾರಿ ನಿಂತಿತು. ಮೊಣಕಾಲು ಮುರಿಯಿತು, ಪಿಟೀಲುಗಳು ನಿಂತವು. ಕೊನೆಗೆ ಸಂಗೀತವೆಲ್ಲ ನಿಂತು ಮೌನ ಉಳಿಯಿತು. ಕೈ ಕಾಲು ಮುರಿದ ಆ ಯಂತ್ರ ಎಷ್ಟು ಗುಂಡು ತಿಂದರೂ ನಿಂತೇ ಇತ್ತು. ಹಿಂದೆ ನಿಂತಿದ್ದ ಒಂಟೆಗೂ ಅದನ್ನು ನೋಡಿ ಒಂಥರಾ ಆಯಿತು.

"ಈ ಕೊನೆ ಭಾಗದಲ್ಲಿ ಮೊದಲೂ ಏನಾದ್ರೂ ತೊಂದರೆ ಇತ್ತಾ?"

"ಒಂದಿತ್ತು ಮೇಡಂ. ಯಂತ್ರ ಸತ್ತು ಬಿದ್ದ ಮೇಲೂ ಒಮ್ಮೊಮ್ಮೆ ಗುನುಗು ನಿಲ್ತಿರಲಿಲ್ಲ. ನಾನೇ ಬರೆದು ಕಳಿಸ್ದೆ, ಸತ್ತರೂ ಹಾಡು ನಿಲ್ತಿಲ್ಲ, ನಿಲ್ಲಿಸಿ ಅಂತ."

"ಯಾರಿಗೆ?"

"ಮೌನಿಗೆ. ಅಂದ್ರೆ, ಆ ಭಾಗದ ಪ್ರೋಗ್ರಾಂ ಬರೆದೋರು ಅವ್ರೇ." ಅವಳು ಮೂಲೆಯ ಖಾಲಿ ಕುರ್ಚಿ ತೋರಿಸಿದಳು. "ಸರಿ ಮಾಡಿ ಕಳಿಸ್ತಿದ್ರು. ನಾಕು ದಿನಕ್ಕೆ ಮತ್ತೆ ಬರ್ತಿತ್ತು. ನಾನು ಮತ್ತೆ ನಿಲ್ಲಿಸಿ ಅಂತ ಬರೀತಿದ್ದೆ. ತಿಂಗಳುಗಟ್ಟಲೆ ಇದೇ ಆಯ್ತು."

"ಅವರು ಹೇಗೆ ಸರಿ ಮಾಡ್ತಿದ್ರು?"

ಹುಡುಗಿ ಕಂಟ್ರೋಲರ್ ಕೆಳಗಿಟ್ಟಳು. "ಅದೇ ವಿಚಿತ್ರ ಮೇಡಂ. ಶಬ್ದದ ತಪ್ಪನ್ನ ಶಬ್ದ ಬಂದ್ ಮಾಡ್ಕೊಂಡು ಸರಿ ಮಾಡ್ತಿದ್ರು. ಹೆಡ್‌ಫೋನ್ ಪಕ್ಕಕ್ಕೆ ತೆಗೆದಿಡ್ತಿದ್ರು. ನಾವೆಲ್ಲ ತಮಾಷೆ ಮಾಡ್ತಿದ್ವಿ."

"ಇವತ್ತು ಬಂದಿಲ್ವಾ?"

"ನಿನ್ನೆನೂ ಬಂದಿಲ್ಲ. ಜ್ವರ ಅಂತೆ."

ಮಧ್ಯಾಹ್ನ ಎರಡಕ್ಕೆ ಇನ್‌ಸ್ಪೆಕ್ಟರ್ ಸಂಗೀತದವನ ಮನೆಗೆ ಹೋದರು. ಎರಡು ಕೋಣೆಯ ಮನೆ. ಒಂದರ ತುಂಬ ತಂತಿ, ಮೈಕು, ಕೀಬೋರ್ಡು. ಇನ್ನೊಂದರ ಮಧ್ಯದಲ್ಲಿ ಇಸ್ತ್ರಿ ಮೇಜು ಬಿಚ್ಚಿಯೇ ಇತ್ತು, ಅದರ ಮೇಲೆ ಧೂಳು ಕೂತಿತ್ತು.

"ಆ ದನಿ ಯಾರದು?" ಎಂದು ಅವರು ನೇರವಾಗಿ ಕೇಳಿದರು.

"ನನ್ನ ಹೆಂಡತಿದು." ಅವನು ಇಸ್ತ್ರಿ ಮೇಜಿನ ಕಡೆ ನೋಡಿದ. "ಅಲ್ಲಿ ನಿಂತು ಬಟ್ಟೆ ಇಸ್ತ್ರಿ ಮಾಡ್ತಿದ್ಲು. ಸುಮ್ನೆ ಒಂದ್ಸಲ ಗುನುಗು, ಜಾಗ ತುಂಬಿಸೋಕೆ, ಆಮೇಲೆ ಹಾಡೋರನ್ನ ಕರೆಸಿ ತೆಗೆದುಹಾಕ್ತೀನಿ ಅಂದೆ. ನಾಚ್ಕೊಂಡು ಗುನುಗಿದ್ಲು. ಯಜಮಾನ್ರು ಕೇಳಿ ಇದೇ ಇರಲಿ ಅಂದ್ರು. ಹಾಗೇ ಉಳಿದುಬಿಡ್ತು."

"ಆಫೀಸಲ್ಲಿ ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ಅಯ್ಯೋ ಪಾಪ ಅಂತ ತೆಗೆದುಬಿಡೋರು. ಅವಳು ಹೋಗಿ ಎಂಟು ತಿಂಗಳಾಯ್ತು. ಮಾತಾಡಿದ್ದು ಫೋನಲ್ಲಿ ಒಂದೆರಡಿದೆ. ಹಾಡಿದ್ದು ಅಂತ ಇದೊಂದೇ. ಲಕ್ಷ ಜನ ಅವಳ ದನಿ ಕೇಳ್ತಾರಲ್ಲ ಅನ್ನೋದೇ ನನಗೊಂದು ಸಮಾಧಾನ ಆಗಿತ್ತು."

"ನಿಮ್ಮ ಹತ್ರ ಬೇರೆ ಪ್ರತಿ?"

"ಇದ್ದದ್ದೂ ಆಫೀಸಿನ ಕಂಪ್ಯೂಟರಲ್ಲೇ. ಅದೂ ಹೋಯ್ತು. ಮೂರ್ಖ ನಾನು."

"ಕೊನೆಗೆ ಆ ದನಿಗೆ ಗುಂಡು ಹೊಡೀತಾರಲ್ಲ. ಅದು?"

ಅವನು ಆ ಪ್ರಶ್ನೆಯನ್ನು ಎಂದೂ ಕೇಳಿಕೊಂಡವನಂತೆ ಕಾಣಲಿಲ್ಲ. "ನಾನು ಆಟ ಆಡಲ್ಲ ಮೇಡಂ. ಸಂಗೀತ ಮಾತ್ರ ಕೇಳ್ತೀನಿ."

ಹೊರಡುವಾಗ ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತು ಕೇಳಿದರು. "ಅದು ನಿಮ್ಮ ಹೆಂಡತಿ ದನಿ ಅಂತ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಲ್ವಾ?"

"ಯಾರಿಗೂ ಇಲ್ಲ. ನನ್ನ ಭಾಮೈದನಿಗೆ ಬಿಟ್ಟು. ಅವನೂ ಅಲ್ಲೇ ಕೆಲಸ. ಮೌನಿ ಅಂತ ಕರೀತಾರೆ. ಅಕ್ಕ ಅಂದ್ರೆ ಪ್ರಾಣ ಅವನಿಗೆ."

ಇನ್‌ಸ್ಪೆಕ್ಟರ್ ತಲೆಯಾಡಿಸಿ ಮೆಟ್ಟಿಲಿಳಿದರು. ಆಪಾದಿತನ ಜಾಡು ಸಿಕ್ಕಾಗ ಸಾಮಾನ್ಯವಾಗಿ ಬರುವ ಹುರುಪು ಈ ಸಲ ಬರಲಿಲ್ಲ. ಮೇಲೆ ಮನೆಯಲ್ಲಿ ಕೂತವನಿಗೆ ಇದನ್ನು ಹೇಗೆ ಹೇಳುವುದು ಎಂಬ ಸಂಕಟವೇ ಮುಂದಿತ್ತು.

ನಾಲ್ಕು ಗಂಟೆಗೆ ಒಂಟೆ ಮೌನಿಯನ್ನು ಠಾಣೆಗೆ ಕರೆತಂದ. ಮೂವತ್ತರ ಆಸುಪಾಸಿನವನು. ಜ್ವರವೇನೂ ಇರಲಿಲ್ಲ. ಒಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಭಾನುವಾರ ಎಲ್ಲಿದ್ರಿ?"

"ಆಫೀಸಲ್ಲಿ."

ಇಷ್ಟು ಸಲೀಸಾಗಿ ಉತ್ತರ ಬಂದದ್ದು ಒಂಟೆಗೆ ಸರಿಬರಲಿಲ್ಲ. "ಇದನ್ನ ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ನಿನ್ನೆ ಫೋನ್ ಮಾಡಿದಾಗ ನೀವು ಆ ಚಿತ್ರಗಾರನ ವಿಷಯನೇ ಕೇಳಿದ್ದು."

ಒಂಟೆ ಗೋಡೆಯ ಕಡೆ ನೋಡಿದ. ಇನ್‌ಸ್ಪೆಕ್ಟರ್ ದನಿ ತಗ್ಗಿಸಿದರು. "ಯಂತ್ರ ಸಾಯದ ಹಾಗೆ ಮಾಡಿದ್ದು ನೀವೇನಾ?"

"ಹೌದು."

"ಯಾಕೆ?"

ಮೌನಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. ಹೆಸರಿಗೆ ತಕ್ಕ ಹಾಗೆ ಹೀಗೇ ಕೂತುಬಿಡುತ್ತಾನೇನೋ ಎನ್ನುವಾಗ ಮಾತು ಶುರುವಾಯಿತು.

"ಕೊನೆಯ ಗುಂಡು ತಾಗಿದಾಗ ದನಿ ಉಸಿರಿನ ಮಧ್ಯದಲ್ಲೇ ಕಡಿದುಹೋಗೋ ಹಾಗೆ ಮಾಡಿದೋನು ನಾನೇ. ಆಗ ಅಕ್ಕ ಇದ್ಲು. ಅವಳಿಗೂ ತೋರಿಸ್ದೆ. ನನ್ನನ್ನೇ ಸಾಯಿಸ್ತೀಯೇನೋ ಕತ್ತೆ ಅಂತ ನಕ್ಕಳು. ಅವಳು ಹೋದ ಮಾರನೇ ವಾರ ಆ ತಪ್ಪು ಶುರುವಾಯ್ತು. ಸತ್ತರೂ ಹಾಡು ನಿಲ್ತಿಲ್ಲ, ನಿಲ್ಲಿಸಿ. ನಿಲ್ಲಿಸ್ತಿದ್ದೆ. ನಿಂತಿದೆಯಾ ಅಂತ ನೋಡೋಕೆ ಹೊಡೀಬೇಕು. ಹೊಡೆದು ನೋಡ್ತಿದ್ದೆ. ಮತ್ತೆ ಬರ್ತಿತ್ತು. ಮತ್ತೆ ಹೊಡೀತಿದ್ದೆ."

"ಶಬ್ದ ಬಂದ್ ಮಾಡ್ಕೊಳ್ತಿದ್ರಂತೆ."

"ಕೇಳ್ಬೇಕಾಗಿಲ್ಲ ಮೇಡಂ. ತೆರೆ ಮೇಲೆ ಒಂದು ಗೆರೆ ಓಡುತ್ತೆ. ದನಿ ಇರೋವರೆಗೂ ಅಲೆ ಥರ ಏಳುತ್ತೆ, ನಿಂತ್ರೆ ನೆಟ್ಟಗಾಗುತ್ತೆ. ಆಸ್ಪತ್ರೆಲೂ ಅದೇ ಗೆರೆ ನೋಡ್ಕೊಂಡು ಕೂತಿದ್ದೆ."

ಒಂಟೆಯ ಪೆನ್ನು ನಿಂತಿತು.

"ಆ ಕೆಲಸ ಬೇರೆಯವರಿಗೆ ಕೊಡಬಹುದಿತ್ತಲ್ಲ?" ಎಂದು ಇನ್‌ಸ್ಪೆಕ್ಟರ್ ಕೊನೆಗೆ ಕೇಳಿದರು.

"ಬೇರೆಯವರು ಹೊಡೆದ್ರೆ ವಾಸಿನಾ?"

"ಡಿಸ್ಕ್ ಎಲ್ಲಿ?"

ಅವನು ಚೀಲವನ್ನು ಮೇಜಿನ ಮೇಲಿಟ್ಟ. "ಆಫೀಸಲ್ಲಿ ಅಳಿಸುವಾಗ ಕಂಪ್ಯೂಟರು ಪ್ರತಿ ಸಲ ಕೇಳುತ್ತೆ, ಖಂಡಿತ ಅಳಿಸ್ಬೇಕಾ ಅಂತ. ಹೌದು ಹೌದು ಅಂತ ಒತ್ತುತ್ತಾ ಹೋದೆ. ಮನೆಗೆ ಬಂದು ಇದನ್ನ ಹಾಕಿದಾಗಲೂ ಕೇಳ್ತು. ಒತ್ತೋಕಾಗ್ಲಿಲ್ಲ. ಹಾಕಿ ಕೇಳೋಕೂ ಆಗ್ಲಿಲ್ಲ."

"ನಿಮ್ಮ ಭಾವನ ಪಾಲಿಗೆ ಇದೊಂದೇ ಉಳಿದಿರೋದು ಅಂತ ನಿಮಗೆ ಗೊತ್ತಿತ್ತಾ?"

ಮೌನಿಯ ಮುಖ ಬಿಳಚಿಕೊಂಡಿತು. "ಭಾವನ ಮನೇಲಿ ಇರುತ್ತೆ ಅಂದ್ಕೊಂಡಿದ್ದೆ. ಇಲ್ವಾ?"

ಡಿಸ್ಕನ್ನು ಪಂಚರ ಎದುರು ಜಪ್ತಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ಕೇಸಿನ ವಸ್ತುಗಳಿಡುವ ಮುದ್ದೆಮಾಲು ಕೋಣೆಗೆ ಸೇರಿಸಿದರು. ಸಂಜೆ ಆರು ಇಪ್ಪತ್ತಕ್ಕೆ ಬಂಧನವಾಯಿತು. ಇನ್‌ಸ್ಪೆಕ್ಟರ್ ಯಜಮಾನನಿಗೆ ಫೋನಿನಲ್ಲಿ ವಿಷಯ ತಿಳಿಸಿದರು. ಡಿಸ್ಕು ಯಾವಾಗ ಸಿಗುತ್ತದೆ ಎಂದು ಅವನು ಮೊದಲು ಕೇಳಿದ. ದನಿ ಯಾರದೆಂದು ಅವರು ತಿಳಿಸಿದರು. ಆಮೇಲೆ ಅವನು ದೂರು ವಾಪಸು ತೆಗೆದುಕೊಳ್ಳಬಹುದೇ ಎಂದು ಕೇಳಿದ. ಅದು ಇನ್ನು ಕೋರ್ಟಿಗೆ ಬಿಟ್ಟದ್ದು ಎಂದರು ಇನ್‌ಸ್ಪೆಕ್ಟರ್.

ಏಳಕ್ಕೆ ಸಂಗೀತದವನು ಬಂದ. ಇನ್‌ಸ್ಪೆಕ್ಟರ್ ಅವನಿಗೆ ಡಿಸ್ಕು ಹಾಳಾಗಿಲ್ಲ ಎಂದು ಮೊದಲು ಹೇಳಿ, ಆಮೇಲೆ ಉಳಿದದ್ದನ್ನು ಹೇಳಿದರು. ಅವನು ಲಾಕಪ್ಪಿನ ಮುಂದೆ ಹೋಗಿ ಕಂಬಿ ಹಿಡಿದು ನಿಂತ.

"ನನಗ್ಯಾಕೋ ಹೇಳ್ಲಿಲ್ಲ?"

"ನೀವು ಅದನ್ನ ಕೇಳ್ತಾ ಕೂತಿರೋವಾಗ ನಿಮ್ಮ ಮುಖ ನೋಡಿದೀನಿ ಭಾವ. ಹೇಗೆ ಹೇಳ್ಲಿ?"

ಸಂಗೀತದವನು ಕಂಬಿಯ ನಡುವೆ ಕೈಹಾಕಿ ಅವನ ತಲೆ ಮುಟ್ಟಿದ. ಬೈಯಲಿಲ್ಲ, ಅಳಲೂ ಇಲ್ಲ. ವಕೀಲರನ್ನು ಹುಡುಕುತ್ತೇನೆ ಎಂದು ಹೇಳಿ ಹೊರಟ.

ಆಪಾದಿತನ ಹೇಳಿಕೆಗೆ ಸಹಿ ಹಾಕಿಸಲು ಇನ್‌ಸ್ಪೆಕ್ಟರೇ ಒಳಗೆ ಹೋದರು. ಕೃತ್ಯದ ಉದ್ದೇಶ ಎಂಬಲ್ಲಿ ಒಂಟೆ ಒಂದೇ ಸಾಲು ಬರೆದಿದ್ದ: ಮೃತ ಅಕ್ಕನ ಧ್ವನಿಗೆ ದಿನವೂ ಗುಂಡು ಹೊಡೆಯುವುದನ್ನು ತಡೆಯಲಾರದೆ. ಮೌನಿ ಅದನ್ನು ಓದಿ ಸಹಿ ಮಾಡಿದ.

"ಮೇಡಂ, ಕೋರ್ಟಲ್ಲಿ ಡಿಸ್ಕ್ ಹಾಕಿ ಕೇಳಿಸ್ತಾರಾ?"

"ಸಾಕ್ಷ್ಯ ಅಲ್ವಾ. ಕೇಳಿಸ್ಬಹುದು."

"ಪೂರ್ತಿ?"

ಅವರಿಗೆ ತಕ್ಷಣ ಅರ್ಥವಾಗಲಿಲ್ಲ.

"ಆಟದಲ್ಲಿ ಯಾವಾಗಲೂ ಮಧ್ಯದಲ್ಲೇ ಕಡಿದುಹೋಗುತ್ತೆ," ಎಂದ ಅವನು. "ಕೊನೆವರೆಗೂ ನಾನು ಒಂದ್ಸಲನೂ ಕೇಳಿಲ್ಲ."

"ಪೂರ್ತಿ ಹಾಕಿಸ್ತೀನಿ," ಎಂದರು ಇನ್‌ಸ್ಪೆಕ್ಟರ್. "ಆ ದಿನ ನಾನೂ ಅಲ್ಲೇ ಇರ್ತೀನಿ."