ಎಡಗಡೆಯ ಮುಂದಿನ ಚಕ್ರ

ಮೇಲಿನ ಮಹಡಿಯ ನರ್ಸಮ್ಮ ಹೊಲಿಗೆ ಅಂಗಡಿಯೊಳಗೆ ಬಂದಾಗ ನಾದಿನಿ ಅಜ್ಜಿಯ ಎರಡನೆಯ ಕೈಚೀಲಕ್ಕೆ ಕೊನೆಯ ಹೊಲಿಗೆ ಹಾಕುತ್ತಿದ್ದಳು. ಬೆಳಗ್ಗೆ ಎಂಟಕ್ಕೆ ಮಗಳನ್ನು ಕೂರಿಸಿಕೊಂಡು ಕಾರಿನಲ್ಲಿ ಹೋದ ನರ್ಸಮ್ಮ ಒಂಬತ್ತೂವರೆಗೆ ನಡೆದುಕೊಂಡು ಬಂದಿದ್ದಳು. ಆಸ್ಪತ್ರೆಯ ಬಿಳಿ ಉಡುಪಿನ ತೋಳಿಗೆಲ್ಲ ಮಸಿ.

“ಟೇಪಮ್ಮ, ಯಾರೋ ನನ್ನ ಚಕ್ರದ ನಟ್ಟು ಸಡಿಲ ಮಾಡಿದಾರೆ,” ಎಂದಳು. “ಹಿಂದಿನ ಸೀಟಲ್ಲಿ ಮಗು ಇತ್ತು.”

ಟೇಪಮ್ಮ ಎಂದರೆ ನಾದಿನಿಯ ಅತ್ತಿಗೆ. ನಾಲ್ಕು ಮಹಡಿಯ ಆ ಕಟ್ಟಡದ ನೆಲಮಹಡಿಯಲ್ಲಿ ಇಬ್ಬರೂ ಹೊಲಿಗೆ ಅಂಗಡಿ ತೆರೆದು ಹದಿನೆಂಟು ವರ್ಷವಾಗಿತ್ತು. ಅತ್ತಿಗೆಯ ಕೊರಳಿನ ಅಳತೆಪಟ್ಟಿ ಸ್ನಾನದ ಹೊತ್ತಿನಲ್ಲಿ ಮಾತ್ರ ಕೆಳಗಿಳಿಯುತ್ತಿತ್ತು. ಕೀಲಿಕೈ ಕಳೆದವರು, ಬೆಕ್ಕು ಕಳೆದವರು, ಪಕ್ಕದ ಮನೆಯವರ ಮೇಲೆ ಸಂಶಯ ಬಂದವರು ಎಲ್ಲರೂ ಮೊದಲು ತಟ್ಟುತ್ತಿದ್ದುದು ಅವಳ ಬಾಗಿಲನ್ನೇ. ಯಾರ ಮಾತನ್ನೂ ಅಳೆದು ನೋಡದೆ ಅವಳು ನಂಬುತ್ತಿರಲಿಲ್ಲ. ನಾದಿನಿಯದು ಬೇರೆ ದಾರಿ. ಅವಳಿಗೆ ಎಲ್ಲರ ಮೇಲೂ ಒಟ್ಟೊಟ್ಟಿಗೆ ಅನುಮಾನ.

ನರ್ಸಮ್ಮ ನಡೆದದ್ದನ್ನು ಹೇಳಿದಳು. ದೊಡ್ಡ ರಸ್ತೆಗೆ ಇಳಿಯುವ ಹೊತ್ತಿಗೆ ಎಡಗಡೆಯಿಂದ ಕಟಕಟ ಸದ್ದು ಬಂದಿತ್ತು. ನಿಲ್ಲಿಸಿ ನೋಡಿದರೆ ಮುಂದಿನ ಚಕ್ರದ ನಾಲ್ಕು ನಟ್ಟುಗಳಲ್ಲಿ ಒಂದು ಕಾಣೆ, ಉಳಿದ ಮೂರು ಬೆರಳಲ್ಲೇ ತಿರುಗುತ್ತಿದ್ದವು. ದಾರಿಹೋಕರೊಬ್ಬರು ಆ ಚಕ್ರ ಬಿಚ್ಚಿ ಡಿಕ್ಕಿಯಲ್ಲಿಟ್ಟು, ಬದಲಿ ಚಕ್ರ ಹಾಕಿಕೊಟ್ಟಿದ್ದರು. ಸ್ಟೀರಿಂಗ್ ಹಿಡಿಯಲು ಅವಳಿಗೆ ಧೈರ್ಯ ಬರಲಿಲ್ಲ. ಕೆಟ್ಟುನಿಂತ ಕಾರುಗಳನ್ನು ಎಳೆದೊಯ್ಯುವ ಗಾಡಿ ಅವಳ ಕಾರನ್ನು ಮನೆಗೆ ತಂದು ಬಿಟ್ಟಿತ್ತು.

“ಈ ಚಕ್ರ ಹಾಕಿಸಿ ಎಷ್ಟು ದಿನ ಆಯ್ತು?” ಅತ್ತಿಗೆ ಕೇಳಿದಳು.

ಮೂರು ವಾರ. ಹಳೆಯ ಚಕ್ರಗಳು ತುಕ್ಕು ಹಿಡಿದು, ಎರಡು ಗುಂಡಿಗೆ ಬಿದ್ದು ಸೊಟ್ಟಗಾಗಿದ್ದವು. ಕಾರಿನ ಕಂಪನಿಯ ಚಕ್ರಗಳ ಬೆಲೆ ಕೇಳಿ ನರ್ಸಮ್ಮ ಸುಮ್ಮನಾಗಿದ್ದಳು. ಆಗ ಮುಂದೆ ಬಂದವನು ಅವಳ ತಮ್ಮ, ಇಡೀ ಕಟ್ಟಡಕ್ಕೆ ‘ಅಗ್ಗಪ್ಪ’. ಅಕ್ಕನ ಮನೆಯಲ್ಲೇ ಇದ್ದ ಅವನಿಗೆ ಯಾವ ವಸ್ತು ಯಾವ ಓಣಿಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆಂಬುದು ಬಾಯಿಪಾಠ. ಹೊರಗಿನ ಕಂಪನಿಯ ಹೊಳೆಯುವ ಅಲಾಯ್ ಚಕ್ರಗಳನ್ನು ಹುಡುಕಿ ತಂದ. ಅಂಗಡಿಯಲ್ಲಿ ಕೂರಿಸುವ ಕೂಲಿಯೂ ಉಳಿಯಲೆಂದು ಭಾನುವಾರ ಕಟ್ಟಡದ ಕೆಳಗೆ ತಾನೇ ಜಾಕಿ ಹಾಕಿ ಕೂರಿಸಿದ. ನಾಲ್ಕೂ ಮಹಡಿಯವರು ಟೀ ಲೋಟ ಹಿಡಿದು ನೋಡಿ ಹೊಗಳಿದ್ದರು.

“ಹಾಕಿದ ಮೇಲೆ ಗಾಡಿ ಹೇಗಿತ್ತು?”

“ಅರವತ್ತು ದಾಟಿದ ತಕ್ಷಣ ಸ್ಟೀರಿಂಗ್ ನಡುಗ್ತಿತ್ತು. ಹೊಸದಕ್ಕೆ ಹಾಗೇ ಅಕ್ಕ, ಹೊಂದಿಕೊಳ್ಳುತ್ತೆ ಅಂದ.”

ಅಷ್ಟರಲ್ಲಿ ಕಟ್ಟಡದ ಕಾರ್ಯದರ್ಶಿ ಬಾಗಿಲಿಗೆ ಬಂದರು. ಅಪರಾಧಿ ಯಾರೆಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಮೊನ್ನೆ ಬೆಳಗ್ಗೆ ಅವರು ಬಾಲ್ಕನಿಯಲ್ಲಿ ನಿಂತಿದ್ದಾಗ ಗೇಟಿನ ಕಾವಲುಗಾರ ಅದೇ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದನಂತೆ, ಕೈಯಲ್ಲಿ ಏನೋ ಹೊಳೆಯಿತಂತೆ. ಹೋದ ವಾರ ಗೇಟು ತೆಗೆಯಲು ತಡಮಾಡಿದ್ದಕ್ಕೆ ನರ್ಸಮ್ಮ ಅವನನ್ನು ಗದರಿದ್ದಳು. ಆ ಸಿಟ್ಟಿಗೆ ಮಾಡಿದ್ದಾನೆ, ಸಂಜೆ ಐದಕ್ಕೆ ಎಲ್ಲರ ಮುಂದೆ ಅವನನ್ನು ಕೆಲಸದಿಂದ ತೆಗೆಯುವುದು, ಮೆಟ್ಟಿಲ ಕೆಳಗಿನ ಕೋಣೆ ಖಾಲಿ ಮಾಡಿಸುವುದು ಎಂದರು.

“ಅವನೇನು ಹೇಳ್ತಾನೆ?”

“ನಟ್ಟು ಕೆಳಗೆ ಬಿದ್ದಿತ್ತು, ಕೈಯಲ್ಲೇ ಹಾಕಿದೆ, ಅಗ್ಗಪ್ಪನಿಗೂ ಹೇಳಿದೆ ಅಂತಾನೆ. ಅಗ್ಗಪ್ಪನ್ನ ಕೇಳಿದ್ರೆ, ನನಗೆ ಯಾರೂ ಏನೂ ಹೇಳಿಲ್ಲ ಅಂತ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಒಂದು ಕತೆ ಹೇಳ್ತಾರೆ ಬಿಡಿ.”

ಅತ್ತಿಗೆ, ನಾದಿನಿ, ನರ್ಸಮ್ಮ ಮೂವರೂ ಕಾರಿನ ಹತ್ತಿರ ಹೋಗುವಾಗ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕಾವಲುಗಾರನ ಹೆಂಡತಿ ಪಾತ್ರೆಗಳನ್ನು ಹೊದಿಕೆಯಲ್ಲಿ ಗಂಟು ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. ನಾದಿನಿಗೆ ಅಯ್ಯೋ ಎನಿಸಿತು. ಮರುಕ್ಷಣವೇ, ನಿಜವಾಗಿ ತಪ್ಪು ಮಾಡದವರು ಇಷ್ಟು ಬೇಗ ಗಂಟು ಕಟ್ಟುತ್ತಾರೆಯೇ ಎಂಬ ಯೋಚನೆಯೂ ಬಂತು. ಕಾರ್ಯದರ್ಶಿಯ ಮೇಲೂ ಅವಳಿಗೆ ಕಣ್ಣಿತ್ತು. ಕಾರು ನಿಲ್ಲಿಸುವ ನೆರಳಿನ ಜಾಗಕ್ಕಾಗಿ ಅವರು ನರ್ಸಮ್ಮನೊಂದಿಗೆ ಆರು ತಿಂಗಳಿಂದ ಜಗಳ ಆಡುತ್ತಿದ್ದರು. ಆ ಹೊತ್ತಿನಲ್ಲಿ ಅವಳಿಗೆ ಎಲ್ಲರ ಬೆರಳುಗಳಿಗೂ ಗ್ರೀಸ್ ಹತ್ತಿದಂತೆ ಕಾಣುತ್ತಿತ್ತು.

ಅತ್ತಿಗೆ ಯಾರ ಬೆರಳನ್ನೂ ನೋಡಲಿಲ್ಲ. ಡಿಕ್ಕಿಯಲ್ಲಿದ್ದ ಚಕ್ರವನ್ನು ಮಗುಚಿ, ನಡುವಿನ ದೊಡ್ಡ ತೂತಿಗೆ ಅಳತೆಪಟ್ಟಿ ಹಿಡಿದಳು. ನಟ್ಟು ಕೂರುವ ತೂತುಗಳ ಸುತ್ತ ಕಾಡಿಗೆ ಒರೆಸಿದಂಥ ಪುಡಿ ಹತ್ತಿತ್ತು. ಅದನ್ನು ಬೆರಳಲ್ಲಿ ಉಜ್ಜಿ ಬಿಳಿ ಬಟ್ಟೆಯ ಚೂರಿಗೆ ಒರೆಸಿಕೊಂಡಳು. ಆಮೇಲೆ ನಟ್ಟು ಬಿಗಿಯುವ ಪಾನಾ ತೆಗೆದುಕೊಂಡು, ಯಾರೂ ಮುಟ್ಟದ ಉಳಿದ ಮೂರು ಚಕ್ರಗಳ ನಟ್ಟುಗಳನ್ನೂ ಒಂದೊಂದಾಗಿ ಒತ್ತಿ ನೋಡಿದಳು. ಪ್ರತಿ ಚಕ್ರದಲ್ಲೂ ಒಂದೆರಡು ಸುಲಭವಾಗಿ ಜರುಗಿದವು.

“ಇದನ್ನ ನೆನಪಿಟ್ಟುಕೋ,” ಎಂದು ನಾದಿನಿಗೆ ಹೇಳಿದಳು. ಏಕೆ ಎಂದು ಕೇಳುವಷ್ಟರಲ್ಲಿ ಪಾನಾ ಡಿಕ್ಕಿಗೆ ಹಾಕಿ ನಡೆದಿದ್ದಳು.

ಮಧ್ಯಾಹ್ನ ಇಬ್ಬರೂ ಚಕ್ರದಂಗಡಿಗೆ ಹೋದರು. ಗೋಡೆಯ ತುಂಬ ಚಕ್ರಗಳು ನೇತಾಡುತ್ತಿದ್ದ ಉದ್ದನೆಯ ಅಂಗಡಿ. ಮಾಲೀಕರು ಹರಟೆಯ ಮನುಷ್ಯ. ಎಲ್ಲರೂ ಹೊಳಪು ನೋಡಿ ಬೆಲೆ ಕೇಳುತ್ತಾರೆ, ತೂತು ಎಷ್ಟು, ತೂತಿನಿಂದ ತೂತಿಗೆ ದೂರ ಎಷ್ಟು, ಚಕ್ರ ಎಷ್ಟು ಒಳಗೆ ಕೂರುತ್ತದೆ, ಎಷ್ಟು ಭಾರ ತಡೆಯುತ್ತದೆ ಎಂದು ಯಾರೂ ಕೇಳುವುದಿಲ್ಲ ಎಂದು ಗೊಣಗಿದರು. ದಿನಾ ಓಡಿಸುವ ಗಾಡಿಗೆ ಹೊಳಪು ಕೊನೆಯ ಮಾತಂತೆ.

“ಹಾಗಾದ್ರೆ ಅಗ್ಗದ ಚಕ್ರ ತಗೋಬಾರದಾ?” ನಾದಿನಿ ಕೇಳಿದಳು.

“ಧಾರಾಳವಾಗಿ ತಗೊಳ್ಳಿ ತಾಯಿ. ಅಗ್ಗ ಅಂದ್ರೆ ಕೆಟ್ಟದ್ದು ಅಂತಲ್ಲ. ಇವು ಒಂದೇ ಕಾರಿಗೆ ಅಂತ ಮಾಡಿದ್ದಲ್ಲ, ಹತ್ತಾರು ಕಾರಿಗೆ ಆಗ್ಲಿ ಅಂತ ನಡುವಿನ ಬಾಯಿ ದೊಡ್ಡದಾಗಿ ಬಿಟ್ಟಿರ್ತಾರೆ. ಅದಕ್ಕೆ ಬೇಕಾದ ಸಾಮಾನು ಚಕ್ರದ ಒಳಗೇ ಅಂಟಿಸಿ ಕಳಿಸಿದ್ದೆ. ಮೊನ್ನೆ ನಿಮ್ಮ ಕಟ್ಟಡದವರೇ ಯಾರೋ ಫೋನ್ ಮಾಡಿ, ಅದಿಲ್ದೆ ಓಡಿಸಿದ್ರೆ ಏನಾಗುತ್ತೆ ಅಂತ ಕೇಳಿದ್ರಲ್ಲ. ಓಡಿಸಬೇಡಿ ಅಂದೆ.”

ಅತ್ತಿಗೆ ಆ ಸಾಮಾನಿನ ಚಿತ್ರ ಬರೆದುಕೊಡಲು ಕೇಳಿದಳು. ಅವರು ಚೀಟಿಯ ಹಿಂದೆ ಗೀಚಿ ಕೊಟ್ಟರು. ಅತ್ತಿಗೆ ಒಮ್ಮೆ ನೋಡಿ, ಮಡಚಿ, ಪರ್ಸಿಗೆ ಹಾಕಿಕೊಂಡಳು. ನಾದಿನಿಗೆ ತೋರಿಸಲೂ ಇಲ್ಲ. ದಾರಿಯುದ್ದಕ್ಕೂ ನಾದಿನಿ ಮುಖ ಊದಿಸಿಕೊಂಡು ನಡೆದಳು.

“ಕೋಪ ಮಾಡ್ಕೋಬೇಡ. ಅಜ್ಜಿ ಚೀಲ ಹೊಲಿಯೋಕೆ ಕೊಟ್ಟಿದ್ದು ಯಾವತ್ತು?”

ಇದೇನು ಸಂಬಂಧವಿಲ್ಲದ ಪ್ರಶ್ನೆ ಎನ್ನಿಸಿದರೂ ನಾದಿನಿ ಹೇಳಿದಳು. ನರ್ಸಮ್ಮನ ಅತ್ತೆಯನ್ನು ಕಟ್ಟಡದವರೆಲ್ಲ ಅಜ್ಜಿ ಎನ್ನುತ್ತಿದ್ದರು. ಹಳೆಯ ಪರದೆ ಬಟ್ಟೆಯನ್ನೂ, ಹಿಡಿಪಟ್ಟಿ ಪೋಣಿಸಲೆಂದು ನಾಲ್ಕು ದಪ್ಪ ಕಪ್ಪು ಪ್ಲಾಸ್ಟಿಕ್ ಬಳೆಗಳನ್ನೂ ಅಜ್ಜಿ ತಂದುಕೊಟ್ಟೂ ಮೂರು ವಾರವೇ ಆಗಿತ್ತು. ಚೀಲಕ್ಕೆ ಎರಡರಂತೆ ಹೊಲಿದಿದ್ದಾಯಿತು. ಮೊನ್ನೆ ಅಗ್ಗಪ್ಪ ಅಂಗಡಿಗೆ ಬಂದು, ಚೀಲ ತಿರುಗಿಸಿ ನೋಡಿ, ಇದನ್ನು ಬಿಚ್ಚಿದರೆ ಬಟ್ಟೆ ಹರಿಯುತ್ತಾ ಎಂದು ಕೇಳಿದ್ದ. ಹರಿಯುತ್ತೆ, ಅಜ್ಜಿ ನಿನ್ನ ಚರ್ಮ ಸುಲೀತಾರೆ ಎಂದು ನಾದಿನಿ ನಕ್ಕಿದ್ದಳು. ಸುಮ್ಮನೆ ಕೇಳಿದೆ ಎಂದು ಅವನೂ ನಕ್ಕು ಹೋಗಿದ್ದ.

ಹೇಳುತ್ತ ಹೇಳುತ್ತ ನಾದಿನಿಯ ಕಾಲು ನಿಧಾನವಾಯಿತು.

ಐದು ಗಂಟೆಗೆ ಎಲ್ಲರೂ ಕಾರಿನ ಸುತ್ತ ಸೇರಿದರು. ಕಾರ್ಯದರ್ಶಿ ಕೈಯಲ್ಲಿ ಕಾಗದ ಹಿಡಿದಿದ್ದರು. ಕಾವಲುಗಾರ ಗೋಡೆಗೆ ಒತ್ತಿ ನಿಂತಿದ್ದ, ಅವನ ಹೆಂಡತಿಯ ಕಾಲ ಬಳಿ ಗಂಟು. ನರ್ಸಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು. ಅಗ್ಗಪ್ಪ ಅಕ್ಕನ ಹಿಂದೆ ಇದ್ದ, ಅಜ್ಜಿ ಸ್ಟೂಲಿನ ಮೇಲೆ. ಯಾರೂ ಪಕ್ಕದವರ ಮುಖ ನೋಡುತ್ತಿರಲಿಲ್ಲ. ಅತ್ತಿಗೆಯ ಮಾತಿನಂತೆ ಕಾರ್ಯದರ್ಶಿಯೇ ಜಾಕಿ ಎತ್ತಿ ಎಡಗಡೆಯ ಮುಂದಿದ್ದ ಬದಲಿ ಚಕ್ರ ಬಿಚ್ಚಿದ್ದರು.

“ಸಿಟ್ಟಿಗೆ ನಟ್ಟು ಸಡಿಲ ಮಾಡೋನು ಒಂದು ಚಕ್ರದ್ದು ಮಾಡ್ತಾನೆ,” ಅತ್ತಿಗೆ ಶುರುಮಾಡಿದಳು. “ಇಲ್ಲಿ ನಾಲ್ಕೂ ಸಡಿಲ. ಮೂರರ ಹತ್ತಿರ ಕಾವಲುಗಾರ ಹೋದದ್ದನ್ನ ಯಾರೂ ನೋಡಿಲ್ಲ. ಎರಡನೇದು, ಈ ಪುಡಿ.” ಅವಳು ಬಿಳಿ ಬಟ್ಟೆಯ ಚೂರು ತೋರಿಸಿದಳು. “ಲೋಹಕ್ಕೆ ಲೋಹ ಉಜ್ಜಿದ್ರೆ ಬರೋದು. ಒಂದು ಬೆಳಗಿನಲ್ಲಿ ಇಷ್ಟು ಬರಲ್ಲ, ವಾರಗಟ್ಟಲೆ ಉಜ್ಜಬೇಕು. ಮೂರನೇದು, ಸ್ಟೀರಿಂಗ್ ಮೊದಲ ದಿನದಿಂದ ನಡುಗ್ತಿತ್ತು. ಕಾವಲುಗಾರನ್ನ ಗದರಿದ್ದು ಹೋದ ವಾರ.”

“ಹಾಗಾದ್ರೆ ಯಾರು?” ಕಾರ್ಯದರ್ಶಿ ಕೇಳಿದರು.

“ನಟ್ಟು ಬಿಚ್ಚಿದ್ದು ರಸ್ತೆ.”

ಅವಳು ನಾದಿನಿಯಿಂದ ಅಜ್ಜಿಯ ಚೀಲ ಇಸಕೊಂಡು ಬ್ಲೇಡಿನಿಂದ ಹೊಲಿಗೆ ಕತ್ತರಿಸಿದಳು. ಅಜ್ಜಿ ಅಯ್ಯೋ ನನ್ನ ಚೀಲ ಎಂದು ಎದ್ದೇಬಿಟ್ಟರು. ಅತ್ತಿಗೆ ಬಳೆಯನ್ನು ಡಿಕ್ಕಿಯಿಂದ ಇಳಿಸಿದ್ದ ಚಕ್ರದ ನಡುವಿನ ತೂತಿಗೆ ಒತ್ತಿದಳು. ಡಬ್ಬಿಗೆ ಮುಚ್ಚಳ ಕೂತಂತೆ ಕೂತಿತು. ಆಮೇಲೆ ಚಕ್ರವನ್ನು ಕಾರಿನ ಕಡೆಯ ಗುಂಡನೆಯ ಉಬ್ಬಿಗೆ ಏರಿಸಿದಳು. ಅತ್ತಿತ್ತ ಅಲುಗದೆ ನಿಂತಿತು. ಬಳೆ ತೆಗೆದು ಮತ್ತೆ ಏರಿಸಿದಾಗ ನಡುವೆ ಬೆರಳು ತೂರುವಷ್ಟು ಸಂದು ಎಲ್ಲರಿಗೂ ಕಂಡಿತು.

“ಕಾಜ ದೊಡ್ಡದು, ಗುಂಡಿ ಚಿಕ್ಕದು. ಗಾಡಿಯ ಭಾರ ಎಲ್ಲಾ ನಟ್ಟಿನ ಮೇಲೆ ಬಿತ್ತು, ಚಕ್ರ ನಡುವಿಗೆ ಕೂರಲೇ ಇಲ್ಲ, ನಡುಗಿ ನಡುಗಿ ಸಡಿಲ ಆಯ್ತು. ಅಂಗಡಿಯವರು ಬಳೆ ಕೊಟ್ಟಿದ್ರು. ಚಕ್ರಕ್ಕೆ ಗೀರು ಬೀಳದಿರಲಿ ಅಂತ ಅಂಟಿಸಿದ ಪ್ಯಾಕಿಂಗ್ ಅಂದುಕೊಂಡು ಅಗ್ಗಪ್ಪ ಕಿತ್ತು ಎಸೆದಿರಬೇಕು. ಒಂದು ದಾರವನ್ನೂ ಎಸೆಯದ ಅಜ್ಜಿ ಎತ್ತಿಟ್ಟುಕೊಂಡ್ರು. ಅವನ್ನ ನನ್ನ ಅಂಗಡಿಯಲ್ಲೇ ಹೊಲಿದ್ವಿ. ಅಲ್ಲಿವರೆಗೆ ಯಾರದ್ದೂ ಅಪರಾಧ ಅಲ್ಲ. ತಿಳಿಯದೆ ಆದದ್ದು.”

ಅವಳು ಅಗ್ಗಪ್ಪನ ಕಡೆ ತಿರುಗಿದಳು.

“ಆದ್ರೆ ಮೊನ್ನೆ ಒಬ್ಬರು ಅಂಗಡಿಗೆ ಫೋನ್ ಮಾಡಿ, ಬಳೆ ಇಲ್ಲದೆ ಓಡಿಸಬಹುದಾ ಅಂತ ಕೇಳಿದ್ರು. ಅದೇ ದಿನ ನೀನು ನಮ್ಮಲ್ಲಿಗೆ ಬಂದು ಚೀಲ ಬಿಚ್ಚೋ ಮಾತಾಡಿದೆ. ಮೂರು ವಾರ ನಿನಗೆ ಬೇಡವಾಗಿದ್ದ ಬಳೆ ಮೊನ್ನೆ ಯಾಕಪ್ಪಾ ಬೇಕಾಯ್ತು? ಅವತ್ತು ಬೆಳಗ್ಗೆ ನಟ್ಟು ಬಿದ್ದಿದ್ದನ್ನ ಯಾರೋ ನಿನಗೆ ಹೇಳಿರಬೇಕು. ಹೇಳಿದ್ದೀನಿ ಅಂತ ಇಲ್ಲಿ ಒಬ್ಬನೇ ಒಬ್ಬ ಹೇಳ್ತಿದಾನೆ.”

ಎಲ್ಲರ ಕಣ್ಣೂ ಗೋಡೆಗೆ ಒತ್ತಿ ನಿಂತವನ ಕಡೆ ಹೋಯಿತು. ಅವನು ನೆಲ ನೋಡುತ್ತಿದ್ದ.

ಅಗ್ಗಪ್ಪನ ಕಿವಿ ಕೆಂಪಾಯಿತು. ಭಾನುವಾರ ಸರಿಮಾಡೋಣ ಅಂತಿದ್ದೆ, ಮೊನ್ನೆ ಸಂಜೆ ಆ ಚಕ್ರ ಮತ್ತೆ ಬಿಗಿ ಮಾಡಿದ್ದೆ, ಎರಡು ದಿನ ತಡೆಯುತ್ತೆ ಅಂದುಕೊಂಡೆ ಎಂದು ತೊದಲಿದ. ಎಲ್ಲರೂ ಅಷ್ಟು ಹೊಗಳಿದ್ದರು, ತಪ್ಪು ಹಾಕಿದ್ದೀನಿ ಅಂತ ಹೇಗೆ ಹೇಳೋದು ಎಂದ.

“ನನಗೆ ಹೇಳೋಕೆ ನಾಚಿಕೆ ಆಯ್ತು, ಸರಿ,” ನರ್ಸಮ್ಮ ಮೆಲ್ಲಗೆ ಹೇಳಿದಳು. “ಬೆಳಗ್ಗೆಯಿಂದ ಆ ಹೆಂಗಸು ಪಾತ್ರೆ ಗಂಟು ಕಟ್ಟೋದನ್ನ ನೋಡ್ತಾ ಇದ್ಯಲ್ಲ. ಆಗ ಏನಾಗಿತ್ತು?”

ಅಗ್ಗಪ್ಪ ಗೋಡೆಯ ಕಡೆ ನಡೆದ. ಕಾವಲುಗಾರನ ಮುಂದೆ ನಿಂತ. “ನೀವು ಹೇಳಿದ್ರಿ. ನಾನು ಸುಳ್ಳು ಹೇಳಿದೆ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಬಾಗಿ ಆ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲ ಕೆಳಗಿನ ಕೋಣೆಯೊಳಕ್ಕೆ ಹೋದ. ಒಳಗೆ ಪಾತ್ರೆಗಳು ಒಂದೊಂದಾಗಿ ಅಲಮಾರಿಗೇರುವ ಸದ್ದು ಕೇಳಿಸಿತು. ಕಾರ್ಯದರ್ಶಿ ಕಾಗದವನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ಹಾಕಿಕೊಂಡರು; ನಾದಿನಿ ಬಿಡದೆ ಅವರ ಮುಖವನ್ನೇ ನೋಡುತ್ತಿದ್ದುದರಿಂದ ಅವರೂ ಕಾವಲುಗಾರನ ಹತ್ತಿರ ಹೋಗಿ ಏನೋ ಗೊಣಗಿ ಬಂದರು.

ಮರುದಿನ ನಾಲ್ಕೂ ಬಳೆಗಳು ತಮ್ಮ ಜಾಗ ಸೇರಿದವು. ಚಕ್ರದಂಗಡಿಯವರು ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿದರು. ಸವೆದಿದ್ದ ಎಡಗಡೆಯ ಮುಂದಿನ ಚಕ್ರದ ಬದಲು ಇನ್ನೊಂದನ್ನು ಹಾಕಿ, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ತೋರಿಸಲು ಹೇಳಿ ಕಳಿಸಿದರು. ಅರವತ್ತರಲ್ಲೂ ಎಂಬತ್ತರಲ್ಲೂ ಸ್ಟೀರಿಂಗ್ ನಿದ್ದೆ ಹೋದ ಮಗುವಿನಂತೆ ಸುಮ್ಮನಿದೆ ಎಂದು ನರ್ಸಮ್ಮ ಬಂದು ಹೇಳಿದಳು. ಅಜ್ಜಿ ಮಾತ್ರ ಚೀಲ ಹಿಡಿದುಕೊಂಡು ಬಂದು, ಕತ್ತರಿಸಿದವರೇ ಹೊಲಿದುಕೊಡಬೇಕು, ಬೇರೆ ಬಳೆಯೂ ನೀವೇ ಹುಡುಕಬೇಕು ಎಂದು ಕೂತರು.

ಅದಾದ ಮೇಲೆ ಒಂದು ಬೆಳಗ್ಗೆ ನಾದಿನಿ ಅಂಗಡಿಯ ಬಾಗಿಲು ತೆರೆಯುವಾಗ ಕಾವಲುಗಾರ ನರ್ಸಮ್ಮನ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದೇ ನಟ್ಟನ್ನು ಮುಟ್ಟಿ ನೋಡುತ್ತಿದ್ದ. ಅವಳ ಕಣ್ಣು ಅಭ್ಯಾಸಬಲದಿಂದ ಮೇಲಿನ ಬಾಲ್ಕನಿಗೆ ಹೋಯಿತು. ಕಾರ್ಯದರ್ಶಿ ಅಲ್ಲೇ ನಿಂತಿದ್ದರು.

“ಬಿಗಿ ಇದೆಯೇನಪ್ಪಾ?” ಎಂದು ಕೇಳಿದರು.

“ಇದೆ ಸಾರ್,” ಎಂದ ಅವನು, ತಲೆ ಎತ್ತಿ.