ಟಿವಿಯೊಳಗಿನ ಬಳೆಗಾರ

ತನ್ನ ಗಂಡ ಯಾರ ಯಾರ ಕೈ ಹಿಡಿಯುತ್ತಾನೆ ಎಂಬುದನ್ನು ಮನೆಯಲ್ಲಿ ಕೂತೇ ಟಿವಿಯಲ್ಲಿ ನೋಡುವ ಭಾಗ್ಯ 1994ರ ಆಳಂದದಲ್ಲಿ ಒಬ್ಬಳಿಗೇ ಇತ್ತು. ಅವಳ ಹೆಸರು ಕಸ್ತೂರಿ. ಭಾಗ್ಯ ಅಂದದ್ದು ನಮ್ಮ ಬಾಯಿಮಾತು. ಅವಳನ್ನು ಕೇಳಿದ್ದರೆ ಕರ್ಮ ಅನ್ನುತ್ತಿದ್ದಳು.

ಕೆಳಗೆ ಗಂಡ ಮಲ್ಲಣ್ಣನ ಬಳೆ ಅಂಗಡಿ, ಮೇಲೆ ಮನೆ. ಲಗ್ನದ ಸೀಜನ್ ಬಂತೆಂದರೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆ ಗದ್ದಲದಲ್ಲಿ ಮುಖಕ್ಕೆ ಹಚ್ಚುವ ಸ್ನೋ ಡಬ್ಬಿ, ರಿಬ್ಬನ್ನು, ಹಣೆಯ ಟಿಕಳಿ ಪಾಕೀಟು ಯಾರದೋ ಸೆರಗಿನೊಳಗೆ ಮಾಯವಾಗುತ್ತಿದ್ದವು. ರೇಡಿಯೋ ಟಿವಿ ರಿಪೇರಿ ಮಾಡುವ ಅಮೋಘಸಿದ್ದ ಹೈದರಾಬಾದಿನಿಂದ ಒಂದು ಕ್ಯಾಮೆರಾ ತಂದ. ಅಂಗಡಿಯ ಕನ್ನಡಿಯ ಮೇಲೆ ಅದನ್ನು ಕೂರಿಸಿ, ಮೆಟ್ಟಿಲ ಗೋಡೆ ಕೊರೆದು ವೈರ್ ಎಳೆದು, ಮೇಲಿನ ಮನೆಯ ಟಿವಿಗೆ ಜೋಡಿಸಿದ. ಟಿವಿ ಪಕ್ಕಕ್ಕೆ ಒಂದು ಬಟನ್ ಇಟ್ಟ. ಮೇಲೆ ಅದನ್ನು ಒತ್ತಿದರೆ ಕೆಳಗೆ ಗಂಟೆ ಹೊಡೆಯುತ್ತಿತ್ತು, ಕೆಂಪು ಬಲ್ಬು ಹತ್ತುತ್ತಿತ್ತು.

"ಕಳ್ಳರು ಕಂಡ್ರ ಅಷ್ಟ ಒತ್ರಿ ವೈನಿ," ಎಂದು ಅಮೋಘಸಿದ್ದ ಕಸ್ತೂರಿಗೆ ಹೇಳಿಕೊಟ್ಟ. "ಊಟಕ್ಕ ಕರ್ಯಾಕ ಒತ್ತಿಗಿತ್ತೀರಿ! ಗಿರಾಕಿ ಎಲ್ಲಾ ಚಪ್ಪಲ್ ಬಿಟ್ಟು ಓಡ್ತಾರ."

ಹೀಗೆ ಮದುವೆಯಾಗಿ ವರ್ಷ ತುಂಬುವ ಮೊದಲೇ ಜೇವರ್ಗಿಯ ಹುಡುಗಿ ಕಸ್ತೂರಿ ಗಂಡನ ಅಂಗಡಿಗೆ ಕಾವಲುಗಾರ್ತಿಯಾದಳು.

ಮೊದಲ ದಿನ ಅವಳು ಸೆರಗುಗಳನ್ನು ನೋಡಿದಳು. ಎರಡನೆಯ ದಿನದಿಂದ ಕೈಗಳನ್ನು ನೋಡತೊಡಗಿದಳು.

ಬಣ್ಣವಿಲ್ಲದ, ದನಿಯಿಲ್ಲದ ಆ ಚಿತ್ರದಲ್ಲಿ ಮಲ್ಲಣ್ಣ ಗಾದಿಯ ಮೇಲೆ ಕೂತಿರುತ್ತಿದ್ದ. ಒಂದು ಕೈ ಅವನ ಮುಂದೆ ಬರುತ್ತಿತ್ತು. ಹೆಬ್ಬೆರಳ ಬುಡವನ್ನು ಮೆಲ್ಲಗೆ ಒತ್ತಿ, ಐದು ಬೆರಳನ್ನೂ ಮೊಗ್ಗಿನಂತೆ ಕೂಡಿಸಿ, ಬಳೆಯನ್ನು ಎಲ್ಲಿಯೂ ನೋವಾಗದಂತೆ ಜಾರಿಸಿಬಿಡುತ್ತಿದ್ದ. ಅವನ ತುಟಿ ಪ್ರತಿ ಸಲವೂ ಒಂದೇ ಮಾತು ಆಡುತ್ತಿತ್ತು. ಕೇಳಿಸದಿದ್ದರೂ ಕಸ್ತೂರಿ ಓದಿಕೊಂಡಳು: "ಕೈ ಸಡ್ಲ ಬಿಡ್ರಿ."

ಇಂಥ ಮೆತ್ತನೆಯ ಮಾತನ್ನು ಅವನು ಮನೆಯಲ್ಲಿ ಆಡಿದ್ದೇ ಇಲ್ಲ. "ಉಪ್ಪು ಬರೋಬ್ಬರಿ ಅದ" ಅನ್ನುವುದೇ ಅವನ ದೊಡ್ಡ ಶೃಂಗಾರ. ಮಲ್ಲಿಗೆ ತಂದರೆ ಕೈಗೆ ಕೊಡುತ್ತಿರಲಿಲ್ಲ; ಕಿಟಕಿಯ ಕಟ್ಟೆಯ ಮೇಲಿಟ್ಟು, ತಾನಲ್ಲ ಗಾಳಿ ತಂದಿಟ್ಟಿತು ಅನ್ನುವಂತೆ ಹೋಗಿಬಿಡುತ್ತಿದ್ದ.

ಅವಳ ಕೈಗೆ ಬಳೆ ಇಡುತ್ತಿದ್ದವಳು ಅತ್ತೆ ಗುರುಬಾಯಿ. ಪಂಚಮಿಗೆ ಕಸ್ತೂರಿ ಒಮ್ಮೆ ಕೇಳಿಯೇ ಬಿಟ್ಟಿದ್ದಳು. "ಅತ್ತೀ, ಮನ್ಯಾಗ ಬಳಿಗಾರ ಇದ್ದಾಗ ನಿಮಗ್ಯಾಕ ತ್ರಾಸು? ಅವರ ಇಡ್ಲಿ."

ಗುರುಬಾಯಿ ಗಲ್ಲಕ್ಕೆ ಕೈ ಹಚ್ಚಿಕೊಂಡಳು. "ಶಿವಶಿವಾ! ಬಳಿಗಾರ ಅಂದ್ರ ಹೆಣ್ಣಮಕ್ಕಳಿಗೆ ತವರಮನಿ ಅಣ್ಣ ಇದ್ದಂಗ. ಅದಕ್ಕ ಊರ ಹೆಂಗಸರೆಲ್ಲ ಅಂಜಿಕಿಲ್ದ ಕೈ ಕೊಡ್ತಾರ. ನಮ್ಮ ಮನಿತನದಾಗ ಯಾವ ಗಂಡಸೂ ಹೆಂಡ್ತಿಗೆ ಬಳಿ ಇಟ್ಟಿಲ್ಲ. ಇಟ್ರ ಅವ ನಿನಗ ಏನಾದ, ನೀನ ಹೇಳು!"

ಆವತ್ತು ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಈಗ ಟಿವಿಯ ಮುಂದೆ ಕೂತವಳಿಗೆ ಆ ನಗೆ ಬರಲಿಲ್ಲ. ಅಣ್ಣನೋ ತಮ್ಮನೋ, ಕೈ ಕೈಯೇ ಅಲ್ಲವೇ?

ಆದರೂ ನೂರು ಕೈಗಳನ್ನು ಅವಳು ಸಹಿಸಿಕೊಂಡಳು. ಸಹಿಸಲಾಗದೆ ಹೋದದ್ದು ಒಂದು ಕೈಯನ್ನು.

ಆ ಹೆಂಗಸು ಇತ್ತೀಚೆಗೆ ಶುಕ್ರವಾರಕ್ಕೊಮ್ಮೆ ಬರತೊಡಗಿದ್ದಳು. ಎತ್ತರದ ಆಳು, ಸುರ್ಮಾ ಹಚ್ಚಿದ ಕಣ್ಣು, ನಡೆದರೆ ದಾರಿಯೇ ಪಕ್ಕಕ್ಕೆ ಸರಿಯಬೇಕು ಅಂಥ ಠೀವಿ. ಅವಳು ಬಂದು ಕೂತು ತೋಳನ್ನು ಮುಂದೆ ಚಾಚುತ್ತಿದ್ದಳು. ಮೊಣಕೈ ತನಕ ಬಳೆ. ಮಲ್ಲಣ್ಣ ಅವಳಿಗೆ ಬಳೆ ಇಡುತ್ತಿರಲಿಲ್ಲ. ತೆಗೆಯುತ್ತಿದ್ದ! ಒಂದೊಂದಾಗಿ, ನಿಧಾನಕ್ಕೆ, ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು. ನಡುನಡುವೆ ಅವಳೇನೋ ಕೇಳುತ್ತಿದ್ದಳು. ಆಗ ಅವನು ತಲೆ ತಗ್ಗಿಸಿ ನಗುತ್ತಿದ್ದ.

ಗಂಡನಿಗೆ ಅಷ್ಟು ಹಲ್ಲುಗಳಿವೆ ಎಂದು ಕಸ್ತೂರಿಗೆ ಗೊತ್ತಾದದ್ದೇ ಆವತ್ತು.

ಊಟಕ್ಕೆ ಬಡಿಸುವಾಗ ಅವಳು ಗಾಳ ಹಾಕಿದಳು. "ಇವತ್ತ ಅಂಗಡ್ಯಾಗ ಭಾಳ ಖುಷಿ ಇದ್ರಿ ಕಾಣ್ತದ."

"ನಾನಾ?" ಮಲ್ಲಣ್ಣನ ಕೈಯಲ್ಲಿನ ರೊಟ್ಟಿ ತುಣುಕು ಅಲ್ಲೇ ನಿಂತಿತು.

"ಮತ್ಯಾರು? ಟಿವಿಯಾಗ ಬಂದಿದ್ರೆಲ್ಲ. ನಗೂ ಸೀನ್ ಇತ್ತು."

ಅವನ ಕಿವಿ ಕೆಂಪಾದವು. "ಪಲ್ಯ ಹಾಕು," ಅಂದ.

ಪಲ್ಯದ ಜೊತೆ ಅವಳು ತನ್ನ ನಿದ್ದೆಯನ್ನೂ ಅವನ ತಾಟಿಗೆ ಬಡಿಸಿದಳು. ಕೇಳಿದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚು ಕೇಳುವ ಜಾತಿಯದಲ್ಲ, ಹುಡುಕುವ ಜಾತಿಯದು. ತನಗೆ ಬೇಕಾದದ್ದನ್ನೇ ಹುಡುಕಿಕೊಳ್ಳುತ್ತದೆ.

ಮುಂದಿನ ಶುಕ್ರವಾರ ಅಂಗಡಿ ಕಿಕ್ಕಿರಿದಿತ್ತು. ಭೂಸನೂರಿನಿಂದ ಮದುವೆ ಬಳೆಗೆಂದು ಒಂದು ದಿಬ್ಬಣದಷ್ಟು ಹೆಂಗಸರು ಬಂದಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಸುರ್ಮಾ ಕಣ್ಣಿನವಳು ಬಂದು ಕೂತಳು. ತೋಳು ಚಾಚಿದಳು. ಮಲ್ಲಣ್ಣ ಒಂದು ಬಳೆ ಜಾರಿಸಿದ, ಎರಡು ಜಾರಿಸಿದ. ಅವಳು ಏನೋ ಕೇಳಿದಳು. ಅವನು ನಕ್ಕ.

ಕಸ್ತೂರಿಯ ಬೆರಳು ಬಟನ್ ಮೇಲೆ ಹೋದದ್ದು ಅವಳಿಗೇ ತಿಳಿಯಲಿಲ್ಲ.

ಟಿವಿಯಲ್ಲಿ ಎಲ್ಲರೂ ಒಮ್ಮೆಲೇ ಬೆಚ್ಚಿದರು. ಗಂಟೆಯಾದರೆ ಕಳ್ಳರು ಹೊರಬೀಳದಂತೆ ತಡೆಯಬೇಕೆಂಬ ಒಪ್ಪಂದದಂತೆ ಮಲ್ಲಣ್ಣ ಎದ್ದು ಷಟರ್ ಅರ್ಧ ಎಳೆದ. ಭೂಸನೂರಿನ ಹೆಂಗಸರ ಕಣ್ಣು ಕೆಂಪು ಬಲ್ಬಿನಿಂದ ಇಳಿದು ಸುರ್ಮಾದವಳ ದೊಡ್ಡ ಚೀಲದ ಮೇಲೆ ನಿಂತಿತು. ಒಬ್ಬಳು ಚೀಲ ಕಸಿದಳು. ಮಲ್ಲಣ್ಣ ಎರಡೂ ಕೈ ಎತ್ತಿ ಅಡ್ಡ ಬಂದು ಏನೇನೋ ಹೇಳುತ್ತಿದ್ದ. ಯಾರೂ ಕೇಳುವಂತೆ ಕಾಣಲಿಲ್ಲ. ಚೀಲದಿಂದ ಹತ್ತಿ, ಹಳೆಯ ಬಟ್ಟೆ, ಬುತ್ತಿಯ ಡಬ್ಬಿ ಬಿದ್ದವು. ಕಳವಿನ ಮಾಲು ಒಂದೂ ಇರಲಿಲ್ಲ. ಆ ಹೆಂಗಸು ಬಗ್ಗಿ ತನ್ನ ಡಬ್ಬಿಯನ್ನು ಎತ್ತಿಕೊಂಡಳು. ನೆಟ್ಟಗೆ ನಿಂತಾಗ ಆ ಠೀವಿಯೆಲ್ಲ ಇಳಿದುಹೋಗಿತ್ತು. ಸೆರಗಿನ ತುದಿಯಿಂದ ಕಣ್ಣು ಒತ್ತಿಕೊಂಡಳು.

ಮಲ್ಲಣ್ಣ ತಲೆ ಎತ್ತಿ ಕ್ಯಾಮೆರಾದತ್ತ ನೋಡಿದ. ಬಯ್ಯುವ ನೋಟವಾಗಿದ್ದರೆ ಕಸ್ತೂರಿ ತಾಳಿಕೊಳ್ಳುತ್ತಿದ್ದಳು. ಅದು, ಏನು ಕಂಡಿತು ಹೇಳು ಎಂದು ನಂಬಿ ಕೇಳುವ ನೋಟವಾಗಿತ್ತು.

ಸುಮ್ಮನೆ ಕೂತರೆ ಯಾರಿಗೂ ತಿಳಿಯುತ್ತಿರಲಿಲ್ಲ. ವೈರ್ ಕೆಟ್ಟಿದೆ ಎಂದರೆ ಮುಗಿಯಿತು. ಆದರೆ ಆ ಹೆಂಗಸಿನ ಹೆಸರಿಗೆ ಕಳ್ಳಿ ಎಂಬ ಮಾತು ಆಳಂದದಿಂದ ಭೂಸನೂರಿನ ತನಕ ಅಂಟಿಕೊಳ್ಳುತ್ತಿತ್ತು. ನಿಜ ಹೇಳಿದರೆ ತಾನು ನಗೆಪಾಟಲು. ಗಂಡ ತವರಿಗೆ ಕಳಿಸಿದರೂ ಕಳಿಸಿದನೇ.

ಕಸ್ತೂರಿ ತಲೆಯ ಮೇಲೆ ಸೆರಗು ಹೊದ್ದು ಮೆಟ್ಟಿಲಿಳಿದಳು.

"ಯಾರೂ ಏನೂ ಕದ್ದಿಲ್ರಿ," ಎಂದಳು. "ಗಂಟಿ ನಾನ ಒತ್ತಿದ್ದು."

"ಮತ್ಯಾಕ ಒತ್ತಿದಿಬೇ?" ಭೂಸನೂರಿನ ಮುದುಕಿಯೊಬ್ಬಳು ಗದರಿದಳು.

ಕಸ್ತೂರಿ ಗಂಡನ ಕಡೆ ನೋಡಲಿಲ್ಲ. "ಇವರು ಇಕಿ ಕೈ ಹಿಡದು ನಕ್ಕರು. ನನಗ ತಡ್ಕೊಳ್ಳಾಕ ಆಗ್ಲಿಲ್ಲ."

ಮುದುಕಿ ಮೊದಲು ನಕ್ಕಳು; ಇಡೀ ಅಂಗಡಿ ಹೊಯ್ದಾಡಿತು. "ಮಲ್ಲಣ್ಣ, ನಿನ್ನ ಹೆಣ್ತಿ ನಿನ್ನನ್ನ ಕಳವಾಗೂ ಮಾಲು ಅಂದಕೊಂಡಾಳ!"

ಸುರ್ಮಾದವಳು ನಗಲಿಲ್ಲ. ಕಸ್ತೂರಿ ಅವಳ ಮುಂದೆ ನಿಂತು ಕೈ ಮುಗಿದಳು. "ತಪ್ಪಾತ್ರಿ ಅಕ್ಕಾ."

ಅವಳು ಕಸ್ತೂರಿಯ ಮುಖ ನೋಡಿದಳು. "ಸಿಟ್ಟು ಹೋಗಿಲ್ಲ," ಅಂದಳು. "ಆದ್ರ ಎಲ್ಲಾರ ಮುಂದ ಹೇಳಿದಿ. ಆ ಗುಂಡಿಗಿ ದೊಡ್ಡದು. ನಾ ಅಮೀರುನ್ನಿಸಾ. ಅಫಜಲಪುರದಾಗ ಅರಗಿನ ಬಳಿ ಮಾಡ್ತೇನಿ. ಬುಟ್ಟ್ಯಾಗ ತಂದ್ರ ಬಸ್ಸಿನ ಕುಲುಕಾಟಕ್ಕ ಹರಳೆಲ್ಲ ಉದುರ್ತಾವ. ಅದಕ್ಕ ಮಾಲು ಕೈಮ್ಯಾಲ ಹಾಕ್ಕೊಂಡು, ಮ್ಯಾಲ ಹತ್ತಿ ಬಟ್ಟಿ ಸುತ್ಕೊಂಡು ಬರ್ತೇನಿ. ನಿನ್ನ ಗಂಡ ಸಾವಕಾಶ ಇಳಿಸ್ಕೋತಾನ."

ಕಸ್ತೂರಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಆದರೂ ಹೊಟ್ಟೆಯಲ್ಲಿ ಒಂದು ಕೆಂಡ ಇನ್ನೂ ಉಳಿದಿತ್ತು. "ಮತ್ತ... ನಗೂದು?"

ಈಗ ಅಮೀರುನ್ನಿಸಾಳ ಕಣ್ಣಲ್ಲಿ ಹಳೆಯ ಹೊಳಪು ಬಂತು. "ಬಳಿ ಇಳಿಸೂತನ ಸುಮ್ನ ಕೂಡಬೇಕೇನು? ಕೇಳ್ತೇನಿ: 'ಭಾಯಿ, ಹೊಸ ಹೆಣ್ತಿ ಹೆಂಗದಾಳ?' ಅಷ್ಟ ಕೇಳೂದು. ಉತ್ತರ ಇನ್ನೂ ಕೊಟ್ಟಿಲ್ಲ. ಪ್ರತಿ ಶುಕ್ರವಾರ ಹಲ್ಲು ತೋರಸ್ತಾನ."

ಕಸ್ತೂರಿ ಹಿಂದೆ ತಿರುಗಿ ನೋಡಿದಳು. ಮಲ್ಲಣ್ಣ ಬಳೆಯ ಕಟ್ಟುಗಳ ಹಿಂದೆ ಏನನ್ನೋ ಹುಡುಕುವ ನಾಟಕ ಮಾಡುತ್ತಿದ್ದ. ಕಿವಿ ಮಾತ್ರ ಕುಂಕುಮದ ಬಣ್ಣಕ್ಕೆ ತಿರುಗಿದ್ದವು.

ಇಷ್ಟು ದಿನ ಅವಳು ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಮೇಲೇ.

ಅಮೀರುನ್ನಿಸಾ ಚಹಾ ಕುಡಿದು, ಭೂಸನೂರಿನವರಿಂದ ತನ್ನ ಹತ್ತಿ ಬಟ್ಟೆಯನ್ನು ಮರಳಿ ಚೀಲಕ್ಕೆ ತುಂಬಿಸಿಕೊಂಡೇ ಬಸ್ಸು ಹತ್ತಿದಳು. ಮಲ್ಲಣ್ಣ ಮಧ್ಯಾಹ್ನದ ಊಟಕ್ಕೆ ಬಂದ. ಉಪ್ಪಿನ ಸುದ್ದಿಯನ್ನೂ ಎತ್ತದೆ ಕೈ ತೊಳೆದ.

ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲ ಬುಡದಿಂದ ದನಿ ಬಂತು. "ಕೆಳಗ ಬಾ."

ಗಿರಾಕಿಗಳು ಹೋಗಿದ್ದರು. ಷಟರ್ ಅರ್ಧ ಇಳಿದಿತ್ತು. "ಕೂಡು," ಅಂದ. ಅವಳು ಗಿರಾಕಿಗಳು ಕೂಡುವ ಜಾಗದಲ್ಲೇ ಕೂತಳು. ಬಯ್ಯುವುದಾದರೆ ಬಯ್ಯಲಿ ಎಂದುಕೊಂಡು, ಅವರಂತೆಯೇ ಕೈ ಮುಂದೆ ಚಾಚಿದಳು.

"ಬಳಿ ನಾ ಇಡಂಗಿಲ್ಲ," ಎಂದ ಮಲ್ಲಣ್ಣ.

ಅವಳ ಕೈ ಹಿಂದೆ ಸರಿಯಿತು. "ಗೊತ್ತದ್ರಿ. ಮನಿತನದ ಪದ್ಧತಿ."

"ಪದ್ಧತಿಗಲ್ಲ. ಊರ ಮಂದಿಗೆಲ್ಲ ನಾ ಅಣ್ಣ. ನಿನಗೊಬ್ಬಾಕಿಗೆ ಆಗೂದು ನನಗ ಬ್ಯಾಡ."

ಇಷ್ಟು ಉದ್ದ ಮಾತನ್ನು ಅವನು ಮದುವೆಯ ದಿನವೂ ಆಡಿರಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುವಾಗಲಾರದು ಎಂಬಂತೆ ಮುಂದುವರಿಸಿದ. "ಸಣ್ಣಾವಿದ್ದಾಗಿಂದ ಇದ ಧಂದಾ. ಯಾರ ಕೈ ಹಿಡದ್ರೂ ನಡುವ ಒಂದು ಬಳಿ ಇರ್ತದ. ಬರೇ ಕೈ ಹೆಂಗ ಹಿಡೀತಾರ, ನನಗ ಗೊತ್ತಿಲ್ಲ ಕಸ್ತೂರಿ. ನಿನ್ನ ಕೈ ಹಿಡೀಬೇಕು ಅನ್ನಿಸಿದಾಗೆಲ್ಲ ಅಂಜಿಕಿ ಬರ್ತದ."

ಅವಳು ಕೆಳಗೆ ನೋಡಿದಳು, ಮೇಲೆ ನೋಡಿದಳು, ಕೊನೆಗೆ ಅವನನ್ನು ನೋಡಿದಳು. "ಗೊತ್ತಿಲ್ಲಂದ್ರ ಕಲೀರಿ."

ಅವನು ಅವಳ ಕೈ ತೆಗೆದುಕೊಂಡ. ರೂಢಿಯಂತೆ ಹೆಬ್ಬೆರಳ ಬುಡ ಒತ್ತಿ ಬೆರಳು ಕೂಡಿಸಲು ಹೋದ.

"ಏ, ಅದು ಗಿರಾಕಿ ಕೈ ಹಿಡಿಯೂದು," ಎಂದು ಅವಳು ಅವನ ಬೆರಳಿಗೆ ಮೆಲ್ಲಗೆ ಹೊಡೆದಳು. "ಹಂಗಲ್ಲ."

"ಮತ್ತ ಹೆಂಗ?"

ಅವಳು ಅವನ ಅಂಗೈಯನ್ನು ತಿರುಗಿಸಿ, ತನ್ನ ಬೆರಳುಗಳನ್ನು ಅವನ ಬೆರಳುಗಳ ಸಂದಿಯಲ್ಲಿ ಒಂದೊಂದಾಗಿ ಇಳಿಸಿದಳು. ಊರ ಹೆಂಗಸರಿಗೆಲ್ಲ ನೋವಾಗದಂತೆ ಬಳೆಯಿಟ್ಟ ಆ ಕೈ ಈಗ ತಾನೇ ಸಡಿಲ ಬಿಡಲು ಮರೆತಿತ್ತು.

"ಅವ್ವ ಮ್ಯಾಲ ಟಿವಿ ಮುಂದ ಕೂತಿರ್ತಾಳ," ಎಂದು ಅವನು ಪಿಸುಗುಟ್ಟಿದ.

"ಕೈ ಬಿಡ್ಲೇನು?"

"ಬ್ಯಾಡ."

ಅಷ್ಟರಲ್ಲಿ ಷಟರ್ ಕೆಳಗೆ ಒಬ್ಬ ಹೆಣ್ಣುಮಗಳು ಬಗ್ಗಿ ಇಣುಕಿದಳು. "ಅಣ್ಣಾ, ಹಸರ ಬಳಿ ಅವ ಏನ್ರಿ?"

ಗಿರಾಕಿಯನ್ನು ಎಂದೂ ಬರಿಗೈಲಿ ಕಳಿಸದ ಮಲ್ಲಣ್ಣ ಆ ಕಡೆ ತಿರುಗಿಯೂ ನೋಡಲಿಲ್ಲ.

"ನಾಳಿ ಬಾ ತಂಗಿ," ಅಂದ. "ಅಂಗಡಿ ಮುಚ್ಚೇದ."