ನಾಲ್ಕು ಹಸಿರು ಚುಕ್ಕೆ

"ಇನ್ನೂ ಯಾರಾದರೂ ಬದುಕಿದ್ದೀರಾ?"

ಕೇಳಿದ್ದು ಕೋಶಗಳನ್ನು; ಲ್ಯಾಬಿನಲ್ಲಿ ನಾನೊಬ್ಬಳೇ. ಮೈಕ್ರೋಸ್ಕೋಪಿನ ಕೆಳಗೆ ಬಣ್ಣ ಹಾಕಿದ ಮೃದ್ವಸ್ಥಿಯ, ಕೀಲಿನ ಮೆತ್ತನೆ ಮೂಳೆಯ ತುಣುಕು. ಬದುಕಿರುವ ಕೋಶ ಹಸಿರು, ಸತ್ತದ್ದು ಕೆಂಪು. ಎಲ್ಲೆಲ್ಲೂ ಕೆಂಪು, ಮೂಲೆಯಲ್ಲಿ ನಾಲ್ಕು ಹಸಿರು ಚುಕ್ಕೆ. ಆಸ್ಪತ್ರೆಯಿಂದ ಅದು ಬಂದ ಡಬ್ಬಿಯ ಮೇಲೆ ಹೆಸರಿರಲಿಲ್ಲ, ನಂಬರಷ್ಟೇ. ಆದರೆ ಆ ದಿನ ಆಸ್ಪತ್ರೆಯಲ್ಲಿ ಮಂಡಿ ಆಪರೇಷನ್ ಆಗಿದ್ದು ಒಬ್ಬರಿಗೇ. ನಾನು ಮದುವೆಯಾಗಲಿರುವ ರೇಣುಕಾಪ್ರಸಾದನ ಅವ್ವ, ಸರ್ವಮಂಗಳಮ್ಮನವರಿಗೆ.

ಪ್ರಸಾದ್ ಸಿಕ್ಕಿದ್ದು ಚನ್ನಪಟ್ಟಣದ ಬೆಳಗಿನ ರೈಲಿನಲ್ಲಿ. ಬಿಡದಿಯ ಕಾರ್ ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ಕಿಟಕಿಯ ಪಕ್ಕ ಊಟದ ಡಬ್ಬಿ ಇಟ್ಟು ನನಗೆ ಸೀಟು ಹಿಡಿಯುತ್ತಿದ್ದ. ನಾನು ಬಂದರೆ ಡಬ್ಬಿಯನ್ನು ತೊಡೆಗೆ ಎತ್ತಿಕೊಂಡು, ಅದರ ಸ್ಟೀಲಿನಲ್ಲಿ ಮೂಡಿದ ನನ್ನ ಮುಖವನ್ನೇ ನೋಡುತ್ತಿದ್ದ.

ಅವ್ವನಿಗೆ ಆಪರೇಷನ್ ಮಾಡಿಸಿ, ಆದರೆ ಆಮೇಲೆ ಅವರು ನೆಲದ ಮೇಲೆ ಕೂರುವಂತಿಲ್ಲ ಎಂದು ಎರಡು ವರ್ಷದ ಹಿಂದೆಯೇ ಹೇಳಿದ್ದರಂತೆ ಡಾಕ್ಟರು. ಚಕ್ಕಳಮಕ್ಕಳ ಹಾಕದೆ ಇಷ್ಟಲಿಂಗ ಪೂಜೆ ಹೇಗೆ ಎಂದು ಅವ್ವ ಒಪ್ಪಲಿಲ್ಲ. ಅದನ್ನು ಹೇಳುತ್ತ ಅವನು ಮುಖ ಸಣ್ಣ ಮಾಡಿದಾಗ ನಾನು ಸಮಾಧಾನ ಹೇಳಿದ್ದೆ: ಕೋಶ ಸಾಯದಂತೆ ಕಾಪಾಡುವ ಎಂಜೈಮುಗಳಿವೆ, ಸವೆದ ಮಂಡಿಯಲ್ಲಿ ಅವು ಕಮ್ಮಿಯಾಗುತ್ತವೆ, ಲ್ಯಾಬಿನ ತಟ್ಟೆಯಲ್ಲಿ ಹೆಚ್ಚಿಸಿದರೆ ಕೋಶ ಉಳಿಯುತ್ತಿವೆ, ಔಷಧಿ ಬಂದೇ ಬರುತ್ತದೆ, ಒಸಿ ಕಾಯಲಿ.

ತಟ್ಟೆಯಲ್ಲಿ ಕಂಡದ್ದು ಮಂಡಿಯಲ್ಲೂ ಆಗುತ್ತದೆ ಎಂಬಂತೆ ಹೇಳಿಬಿಟ್ಟಿದ್ದೆ. ಅಜ್ಜಿಯ ಬಾಯಲ್ಲಿ ವಚನ ಕೇಳುತ್ತ ಬೆಳೆದವಳು, ಒಂದು ಮಾತಿಗೆ ಎರಡು ಸಲ ಯೋಚಿಸುವವಳು ನಾನು. ಅವನ ಮುಖ ಅರಳಿದ್ದು ನೋಡಿ ಮರೆತೆ.

ಅವ್ವ ಎರಡು ವರ್ಷ ಕಾದರು. ಕಾಲು ಸೊಟ್ಟಗಾಯಿತು, ತೊಡೆ ಬತ್ತಿತು, ಬಚ್ಚಲಲ್ಲಿ ಬಿದ್ದರು. ಕೊನೆಗೆ ಆಪರೇಷನ್ ಮಾಡಿಸಿದ ಮೇಲೂ ಗೋಡೆ ಹಿಡಿದೇ ನಡಿಗೆ.

ಆ ಕೆಂಪು ಕಂಡ ಮೇಲೂ ಹದಿನೈದು ದಿನ ನಾನು ಬಾಯಿ ಬಿಡಲಿಲ್ಲ. ಮದುವೆಗೆ ಇನ್ನೊಂದು ತಿಂಗಳಿತ್ತು. ಒಂದು ಸಂಜೆ ರೈಲಿಳಿದು ಅವನ ಮನೆಯ ಕಡೆ ನಡೆಯುವಾಗ, ಇಲ್ಲದ ಔಷಧಿಗೆ ಅವ್ವನನ್ನು ಕಾಯಿಸಿದವಳು ನಾನೇ ಎಂದು ಎಲ್ಲ ಹೇಳಿದೆ.

ಅವನು ಊಟದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಆಮೇಲೆ, "ಹೋದ್ ವರ್ಷಾನೇ ಡಾಕ್ಟ್ರನ್ನ ಕೇಳಿದ್ದೆ. ಅಂಥ ಔಷ್ದಿ ಇನ್ನೂ ಇಲ್ಲ, ತಡ ಮಾಡ್ಬೇಡ ಅಂದ್ರು. ಅವ್ವಂಗೆ ಹೇಳ್ಲಿಲ್ಲ," ಅಂದ.

"ಯಾಕೆ?"

"ದಿನಾ ನಿನ್ನ ಮಾತಾಡ್ಸೋಕೆ ಆ ಎಂಜೈಮ್ ಬುಟ್ರೆ ನಂಗಿನ್ನೇನು ಗೊತ್ತಿತ್ತು?"

ನಗು ಬಂತು. ಅದರ ಹಿಂದೆಯೇ ಅಳು.

ಅವನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅವ್ವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಹಳೆಯ ಅಭ್ಯಾಸದಿಂದ ಹಾಕಿದ ಮಣೆ ಎದುರಿಗೆ ಖಾಲಿ ಇತ್ತು.

ಪ್ರಸಾದ್ ನನ್ನ ಮುಂಗೈ ಹಿಡಿದ. "ಯಶೋಧಾ, ಅವ್ವಂಗೆ ನಿನ್ನ ಕಂಡ್ರೆ ಪ್ರಾಣ. ಮದ್ವೆ ಆಗೋಗ್ಲಿ. ಅಲ್ಲೀಗಂಟ ಹೇಳ್ಬೇಡ. ನನ್ಗೋಸ್ಕರ."

ಅವನಿಗೋಸ್ಕರ ಒಂದು ಸಲ ಯೋಚಿಸದೆ ಮಾತಾಡಿಯಾಗಿತ್ತು. ಕೈ ಬಿಡಿಸಿಕೊಳ್ಳಲಿಲ್ಲ, ಅವನನ್ನೂ ಎಳೆದುಕೊಂಡೇ ಹೊಸ್ತಿಲು ದಾಟಿದೆ.

"ಇಲ್ಲ, ಪ್ರಸಾದ್. ಹೇಳ್ತೀನಿ."